ಯಾರೂ ಮೊದಲು ಏಳದ ಮೀಟಿಂಗ್

ಕೆಂಪು ದೀಪ ಉರಿಯುತ್ತಿದ್ದರೆ ಆ ಮನೆಯಲ್ಲಿ ಕೆಮ್ಮು ಬಂದವರು ಬಚ್ಚಲಿಗೆ ಹೋಗಿ ಕೆಮ್ಮಬೇಕಿತ್ತು. ದೀಪ ಇದ್ದದ್ದು ಅಡುಗೆಮನೆಯ ಪಕ್ಕದ ಉಗ್ರಾಣದ ಬಾಗಿಲ ಮೇಲೆ. ಅದನ್ನು ಇನ್ನೂ ಉಗ್ರಾಣ ಎನ್ನುತ್ತಿದ್ದವರು ಅತ್ತೆ ಒಬ್ಬರೇ. ಅಳಿಯನ ಬಾಯಲ್ಲೂ ಅವನ ಹೆಂಡತಿಯ ಬಾಯಲ್ಲೂ ಅದು ಆಫೀಸು. ಅಳಿಯ ಅಲ್ಲಿ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದ. ಮೀಟಿಂಗ್ ಶುರುವಾದರೆ ದೀಪ ಕೆಂಪಾಗಿ ಬಾಗಿಲಿನ ಅಗುಳಿ ತಾನಾಗಿಯೇ ಬೀಳುತ್ತಿತ್ತು. ಮುಗಿದರೆ ದೀಪ ಹಸಿರಾಗಿ ಅಗುಳಿ ಟಕ್ ಎಂದು ಸರಿಯುತ್ತಿತ್ತು. ದೀಪ, ಅಗುಳಿ, ಅವೆರಡಕ್ಕೂ ಬುದ್ಧಿ ಹೇಳುವ ಅಂಗೈಯಗಲದ ಪುಟ್ಟ ಕಂಪ್ಯೂಟರು, ಎಲ್ಲವನ್ನೂ ಅವನೇ ಜೋಡಿಸಿದ್ದ.

ಇದಕ್ಕೆ ಕಾರಣ ಅತ್ತೆಯೇ. ಅಳಿಯ ಮೀಟಿಂಗಿನಲ್ಲಿದ್ದಾಗ ಚಹಾ ಹಿಡಿದು ಒಳಗೆ ಬರುವರು. ಬಂದವರು ಲೋಟ ಇಟ್ಟು ಹೋಗದೆ ಪರದೆಯತ್ತ ಬಗ್ಗುವರು. "ಏನ್ರಪ್ಪಾ, ಎಲ್ಲರದೂ ತಿಂಡಿ ಆಯ್ತಾ? ಈ ಮೂಲೇಲಿರೋ ಹುಡುಗ ಯಾಕೆ ಹೀಗೆ ಸೊರಗಿದಾನೆ?" ಒಂದು ಸಲ ಮ್ಯಾನೇಜರಿಗೇ, "ನಿಮ್ಮ ಕೂದಲು ಇಷ್ಟು ಕಪ್ಪಗಿದೆಯಲ್ಲ, ಹಚ್ಚಿದ್ದೋ ಹುಟ್ಟಿದ್ದೋ?" ಎಂದು ಕೇಳಿದ್ದರು. ಆ ವಾರವೇ ಬಾಗಿಲಿಗೆ ಅಗುಳಿ ಬಂತು.

ಇಂಥ ಚಿಲ್ಲರೆ ಕೆಲಸಗಳೆಂದರೆ ಅಳಿಯನಿಗೆ ಪ್ರಾಣ. ಮಾಳಿಗೆಯ ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ಫೋನಿನಲ್ಲಿ ತೋರಿಸುವ ಒಂದು ಪುಟ ಮಾಡಿದ್ದ. ಒಗೆದ ಬಟ್ಟೆ ಒಣಗಿತೋ ಇಲ್ಲವೋ ಎಂದು ಹೇಳುವ ಇನ್ನೊಂದು ಮಾಡಿದ್ದ. ಅದು ಸುಡು ಬಿಸಿಲಿನಲ್ಲೂ 'ಇನ್ನೂ ಸ್ವಲ್ಪ ಹೊತ್ತು' ಎಂದೇ ಹೇಳುತ್ತಿತ್ತು. ಹೆಂಡತಿ ಕೆಲಸ ಮಾಡುತ್ತಿದ್ದದ್ದು ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಗಳು ತಮ್ಮ ಫೋಟೋದ ಮೇಲೆ ಬೇರೆ ಬೇರೆ ಫ್ರೇಮು ಇಟ್ಟು ನೋಡಲಿ ಎಂದು ಆ ಅಂಗಡಿಗೂ ಒಂದು ಪುಟ ಮಾಡಿಕೊಟ್ಟಿದ್ದ. ಅದರಲ್ಲಿ ಕನ್ನಡಕ ಯಾರದೇ ಆಗಲಿ ಹಣೆಯ ಮೇಲೇ ಕೂರುತ್ತಿತ್ತು. "ಮೂಗು ಎಲ್ಲಿದೆ ಅಂತ ಗೊತ್ತಿಲ್ಲದವರ ಜೊತೆ ಸಂಸಾರ ಮಾಡ್ತಿದೀನಿ ಸರ್, ಸ್ವಲ್ಪ ಕರುಣೆ ಇರ್ಲಿ" ಎಂದು ಅವಳು ಅಂಗಡಿಯ ಯಜಮಾನರನ್ನು ನಗಿಸಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಅಳಿಯನ ಕೆಲಸ ಹೋಯಿತು. ಹೋದದ್ದೂ ಒಂದು ಮೀಟಿಂಗಿನಲ್ಲೇ. ಬಾಗಿಲಾಚೆ ಅತ್ತೆ ತುದಿಗಾಲಲ್ಲಿ ಓಡಾಡುತ್ತಿದ್ದಾಗ, ಒಳಗೆ ಮ್ಯಾನೇಜರು ತುಂಬ ಮೆತ್ತಗಿನ ದನಿಯಲ್ಲಿ ವಿಷಯ ಹೇಳಿ ಮುಗಿಸಿದರು. ಮೀಟಿಂಗಿನ ಹೊತ್ತನ್ನು ದೀಪಕ್ಕೆ ತಿಳಿಸುತ್ತಿದ್ದ ಕಂಪನಿಯ ಕ್ಯಾಲೆಂಡರು ಮರುದಿನ ಅವನಿಗೆ ಕಾಣದಾಯಿತು. ದೀಪ ಹಸಿರಾಗಿಯೇ ನಿಂತಿತು.

"ಇವತ್ತೇನು, ಮೀಟಿಂಗೇ ಇಲ್ವಾ?" ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತಾ. ಸುಮ್ಮನೆ ಕೇಳಿದ್ದು. ಹೇಳಿಬಿಡೋಣ ಎಂದೇ ಬಾಯಿ ತೆರೆದವನ ಬಾಯಿಂದ "ಮಧ್ಯಾಹ್ನ ಇದೆ" ಎಂಬ ಮಾತು ಹೊರಬಿತ್ತು. ಇನ್ನೇನು ಮಾಡುವುದು, ಮಧ್ಯಾಹ್ನದೊಳಗೆ ಒಂದು ಮೀಟಿಂಗನ್ನು ಹುಟ್ಟಿಸಲೇಬೇಕಾಯಿತು.

ಬಾಗಿಲ ಮೇಲಿನ ಪುಟ್ಟ ಕಂಪ್ಯೂಟರಿನೊಳಗೇ ಅವನು ಒಂದು ಪುಟ ಕಟ್ಟಿದ. ಅದು ತನ್ನಷ್ಟಕ್ಕೆ ಮೀಟಿಂಗುಗಳನ್ನು ಹೆರುತ್ತಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ನಡುನಡುವೆ ತುರ್ತು ಎಂಬುದೊಂದು. ದೀಪ ಕೆಂಪಾಯಿತು, ಅಗುಳಿ ಬಿತ್ತು, ಮನೆ ಪಿಸುಗುಟ್ಟತೊಡಗಿತು. ಬೇರೆ ಕೆಲಸ ಸಿಕ್ಕ ದಿನ ಎಲ್ಲ ಹೇಳಿಬಿಡುವುದು, ಆಗ ಅದು ಮೂವರೂ ಕೂತು ನಗುವ ಕಥೆಯಾಗುತ್ತದೆ. ಅದಕ್ಕೆ ಮುಂಚೆ ಹೇಳಿದರೆ ಬರೀ ಸುಳ್ಳಾಗಿ ಉಳಿಯುತ್ತದೆ ಎಂಬುದು ಅವನ ಎಣಿಕೆ. ಕಂಪನಿಯವರು ಕಳಿಸುವಾಗ ಕೊಟ್ಟದ್ದರಲ್ಲಿ ಮನೆ ನಡೆಯುತ್ತಿತ್ತು.

ಬರಬರುತ್ತಾ ಪುಟದ ಮೇಲೆ ಅವನಿಗೆ ಮಮತೆ ಹುಟ್ಟಿತು. ಬರೀ ದೀಪ ಉರಿದರೆ ಸಾಲದು, ಆಚೆಗೆ ನಾಲ್ಕು ದನಿ ಕೇಳಬೇಡವೇ? ತನ್ನ ದನಿಯನ್ನೇ ಹಿಡಿದು ಒಂದನ್ನು ದಪ್ಪ ಮಾಡಿದ, ಒಂದನ್ನು ಕೀರಲು ಮಾಡಿದ. ದಪ್ಪ ದನಿ ಮ್ಯಾನೇಜರಿಗೆ. ಸದಾ ಕೆಮ್ಮುವವನೊಬ್ಬ ಇರಲಿ ಎಂದು ಕೆಮ್ಮಪ್ಪ ಬಂದ. "ನನ್ನ ದನಿ ಕೇಳಿಸ್ತಿದೆಯಾ?" ಎಂದು ಮಾತ್ರ ಹೇಳುವ ಹಲೋ ಅಕ್ಕ ಬಂದಳು. ಎಲ್ಲದಕ್ಕೂ "ಆಗುತ್ತೆ ಸರ್" ಎನ್ನುವ ಹೊಸಬ ಬಂದ. ಸಂಬಳ ತೆಗೆದುಕೊಂಡು ಮಾಡಿದ ಯಾವ ಕೆಲಸದಲ್ಲೂ ಅವನು ಇಷ್ಟು ಮುತುವರ್ಜಿ ತೋರಿಸಿರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಮಗಳ ಕಿವಿಯಲ್ಲಿ ಹೇಳುವುದು ಅವನಿಗೆ ಕೇಳುತ್ತಿತ್ತು: "ಆ ದಪ್ಪ ದನಿಯವನು ನಮ್ಮ ಅಳಿಯಂದಿರನ್ನ ಉಸಿರಾಡೋಕೂ ಬಿಡಲ್ಲ ಕಣೇ. ಮೂರು ಹೊತ್ತೂ 'ಇನ್ನೊಂದ್ಸಲ ನೋಡೋಣ' ಅಂತಾನೆ. ಎಷ್ಟು ಸಲ ನೋಡ್ತಾನಂತೆ?"

ಒಮ್ಮೆ ಮೀಟಿಂಗ್ ನಡೆಯುತ್ತಿರುವಾಗಲೇ ಪುಟದಲ್ಲಿ ಏನನ್ನೋ ತಿದ್ದಲು ಹೋಗಿ, ಅಗುಳಿ ಸರಿದು, ಅತ್ತೆ ಒಳಗೆ ಬಂದುಬಿಟ್ಟಿದ್ದರು. ಅಳಿಯ ಮೇಜಿನ ಮೇಲೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದ. ಮ್ಯಾನೇಜರು ಯಾರನ್ನೋ ಗದರುತ್ತಿದ್ದರು. ಅತ್ತೆಗೆ ಏನೋ ಹೇಳಿ ಹೇಗೋ ತೇಪೆ ಹಾಕಿದ. ಆಮೇಲೆ ಒಂದು ಕಟ್ಟುನಿಟ್ಟು ಬರೆದ: ಮೀಟಿಂಗ್ ಮುಗಿಯುವವರೆಗೆ ತನ್ನ ಲ್ಯಾಪ್‌ಟಾಪಿನಿಂದಾಗಲಿ ತನ್ನ ಫೋನಿನಿಂದಾಗಲಿ ಏನು ಹೇಳಿದರೂ ಆ ಪುಟ ಕೇಳಕೂಡದು. ಕೇಳುವುದಿದ್ದರೆ ಹೆಂಡತಿಯ ಫೋನಿನ ಮಾತನ್ನು ಮಾತ್ರ. ಅದು ನಿಜವಾದ ಆಫೀಸಿನ ಕಾಲದಲ್ಲಿ, ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು ಕೊಟ್ಟಿದ್ದ ಸಲುಗೆ. ಅವಳು ಅದನ್ನು ಒಂದು ದಿನವೂ ತೆರೆದಿರಲಿಲ್ಲ.

ಇಷ್ಟಾದ ಮೇಲೆ ಅವನಿಗೆ ಒಂದು ಕರೆ ಬಂತು. ಸೇತುವೆಯ ಆಚೆ ಒಂದು ಸಣ್ಣ ಕಂಪನಿ, ಅಂಗಡಿಗಳಿಗೆ ಪುಟ ಮಾಡಿಕೊಡುವವರು. ನಾಳೆ ಹನ್ನೊಂದಕ್ಕೆ ಬನ್ನಿ, ಎದುರೆದುರು ಕೂತು ಮಾತಾಡೋಣ ಎಂದರು. ಅವನು ಆ ಸಂಜೆ ಕುಣಿದಾಡುವ ಮನಸ್ಸನ್ನು ಪುಟದ ಮೇಲೆ ತೀರಿಸಿಕೊಂಡ. ಮೀಟಿಂಗುಗಳು ಗಡಿಯಾರ ನೋಡಿ ಮುಗಿಯುವುದು ಅಸಹಜ ಎನ್ನಿಸಿ, ಅವಕ್ಕೆ ನಡವಳಿಕೆ ಕಲಿಸಿದ. ಹಳೆಯ ಆಫೀಸಿನಲ್ಲಿ ಮ್ಯಾನೇಜರು ಏಳುವ ಮುಂಚೆ ಯಾರೂ ಏಳುತ್ತಿರಲಿಲ್ಲ, ಅದು ಮರ್ಯಾದೆ. ಮ್ಯಾನೇಜರಾದರೋ ಎಲ್ಲರೂ ಹೋದ ಮೇಲೆಯೇ ತಾವು ಹೋಗುತ್ತಿದ್ದರು, ಅದು ದೊಡ್ಡತನ. ನಿಜವಾದ ಮನುಷ್ಯರಾದ್ದರಿಂದ 'ನೀವು ಮೊದಲು', 'ಅಯ್ಯೋ, ನೀವು ಮೊದಲು' ಎಂದು ಸ್ವಲ್ಪ ಹೊತ್ತು ಜಗ್ಗಾಡಿ ಯಾರೋ ಒಬ್ಬರು ನಕ್ಕು ಎದ್ದುಬಿಡುತ್ತಿದ್ದರು. ಅಳಿಯ ಮರ್ಯಾದೆಯನ್ನೂ ಬರೆದ, ದೊಡ್ಡತನವನ್ನೂ ಬರೆದ. ನಕ್ಕು ಏಳುವುದನ್ನು ಬರೆಯಲು ಮರೆತ.

ಮರುದಿನ ಬೆಳಿಗ್ಗೆ "ಇವತ್ತು ಆಫೀಸಿಗೇ ಹೋಗಿ ಬರ್ಬೇಕು, ಒಂದು ಮೀಟಿಂಗ್ ಮುಗಿಸಿಕೊಂಡು ಹೊರಡ್ತೀನಿ" ಎಂದು ಹೇಳಿ, ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಕೋಣೆ ಸೇರಿದ. ಹೆಂಡತಿ ಅಂಗಡಿಗೆ ಹೋದಳು. ಅಗುಳಿ ಬಿತ್ತು. ಕೆಮ್ಮಪ್ಪ ಕೆಮ್ಮಿದ, ಹೊಸಬ ಆಗುತ್ತೆ ಎಂದ, ಮಾತು ಮುಗಿಯಿತು. ಅಳಿಯ ಎದ್ದು ಬಾಗಿಲ ಬಳಿ ನಿಂತು ಟಕ್ ಎಂಬ ಸದ್ದಿಗೆ ಕಾದ.

ಸದ್ದಿಲ್ಲ.

ತಿರುಗಿ ಪರದೆ ನೋಡಿದ. ಮ್ಯಾನೇಜರ್: ಕಾಯುತ್ತಿದ್ದಾರೆ. ಕೆಮ್ಮಪ್ಪ: ಕಾಯುತ್ತಿದ್ದಾರೆ. ಹಲೋ ಅಕ್ಕ, ಹೊಸಬ, ಎಲ್ಲರ ಎದುರಿಗೂ ಅದೇ ಮಾತು. ಏನಾಗಿದೆ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತಿಳಿದ ಕೂಡಲೇ ಮೊದಲು ನಗು ಬಂತು. ಲ್ಯಾಪ್‌ಟಾಪಿನಲ್ಲಿ ಮ್ಯಾನೇಜರನ್ನು ಎಬ್ಬಿಸಲು ಹೋದ. 'ಮೀಟಿಂಗ್ ನಡೆಯುತ್ತಿದೆ, ಈಗ ಏನನ್ನೂ ಬದಲಿಸಲಾಗದು' ಎಂದಿತು ಪುಟ. ಫೋನಿನಲ್ಲಿ ಹೋದ, ಅದೇ ಮಾತು. ಪುಟವನ್ನು ಬಿಟ್ಟು ಅದರ ಹಿಂದಿನ ಬರಹವನ್ನೇ ತಿದ್ದಲು ಹೋದ. ಅದಕ್ಕೂ ಅದೇ ಮಾತು. ಅಷ್ಟು ಚೆನ್ನಾಗಿ ಬರೆದಿದ್ದ. ಕಿಟಕಿಗೆ ಕಬ್ಬಿಣದ ಸರಳು. ಬಾಗಿಲು ಹಳೆಯ ಕಾಲದ್ದು, ಭುಜ ಕೊಟ್ಟರೆ ಭುಜವೇ ನೊಂದಿತು. ನಗು ಯಾವಾಗಲೋ ನಿಂತುಹೋಗಿತ್ತು.

"ಅತ್ತೇ!"

ಬಾಗಿಲಾಚೆ ಪಿಸುದನಿ ಬಂತು. "ಅಳಿಯಂದಿರೇ, ದೀಪ ಕೆಂಪಗಿದೆ. ಕೂಗಬೇಡಿ, ಅವರಿಗೆ ಕೇಳಿಸುತ್ತೆ."

"ಕೇಳಿಸ್ಲಿ ಬಿಡಿ. ಬಾಗಿಲು ತೆಗೆಯೋಕೆ ಬರ್ತಿಲ್ಲ. ಮೇಲೆ ಒಂದು ಸಣ್ಣ ಪೆಟ್ಟಿಗೆ ಇದೆಯಲ್ಲ, ಅದರ ವೈರ್ ಕೀಳ್ತೀರಾ?"

"ಕರೆಂಟ್ ಹೊಡೆದ್ರೆ?"

"ಹೊಡೆಯಲ್ಲ."

"ನೀವು ಹೇಳ್ತೀರಿ. ಬಟ್ಟೆ ಒಣಗಿಲ್ಲ ಅಂತಾನೂ ನೀವೇ ಹೇಳ್ತಿದ್ರಿ." ಸ್ಟೂಲು ಎಳೆಯುವ ಸದ್ದು, ಏದುಸಿರು, ಆಮೇಲೆ ಒಂದು ಉದ್ಗಾರ. "ಕಿತ್ತೆ! ಆದ್ರೆ ದೀಪ ಉರೀತಾನೇ ಇದೆಯಲ್ರೀ. ಇದೇನು ದೆವ್ವಾನಾ?"

ಕರೆಂಟ್ ಹೋದಾಗಲೆಲ್ಲ ದೀಪ ಆರಿಹೋಗುತ್ತದೆಂದು ಹೋದ ತಿಂಗಳು ತಾನೇ ಅದಕ್ಕೊಂದು ಬ್ಯಾಟರಿ ಕೂರಿಸಿದ್ದು ಅಳಿಯನಿಗೆ ಆಗ ನೆನಪಾಯಿತು. ಬ್ಯಾಟರಿ ತೆಗೆಸಿದರೂ ಪ್ರಯೋಜನವಿರಲಿಲ್ಲ. ಕರೆಂಟ್ ಪೂರ್ತಿ ಹೋದರೂ ಬಿದ್ದಲ್ಲೇ ಇರುವ ಅಗುಳಿಯನ್ನೇ ಹುಡುಕಿ ಹುಡುಕಿ ತಂದಿದ್ದ.

"ಬಡಗಿಗೆ ಫೋನ್ ಮಾಡಿ ಅತ್ತೆ."

ಮಾಡಿದರು. ಬಡಗಿ ಮಧ್ಯಾಹ್ನದ ಊಟ ಮುಗಿಸಿ ಬರುತ್ತಾನಂತೆ. ಅಳಿಯ ಗಡಿಯಾರ ನೋಡಿದ. ಹತ್ತು ದಾಟುತ್ತಿತ್ತು.

"ಏನ್ರೀ ಇದು ಅನ್ಯಾಯ?" ಅತ್ತೆಯ ದನಿ ಈಗ ಪಿಸುದನಿಯಾಗಿರಲಿಲ್ಲ. "ಹೊರಗೆ ಹೋಗೋ ಮನುಷ್ಯ, ಬೂಟು ಹಾಕ್ಕೊಂಡು ನಿಂತಿದಾರೆ. ನೀವು ಸುಮ್ನಿರಿ ಅಳಿಯಂದಿರೇ, ನಿಮಗೆ ಮೇಲಿನವರ ಹತ್ರ ಮಾತಾಡೋಕೆ ಸಂಕೋಚ. ನಾನು ಕೇಳ್ತೀನಿ. ಏನ್ರೀ ಮ್ಯಾನೇಜರ್ರೇ! ಕೇಳಿಸ್ತಿದೆಯಾ?"

ಪುಟಕ್ಕೆ ಇನ್ನೊಂದು ಅಭ್ಯಾಸವಿತ್ತು. ಮೀಟಿಂಗ್ ಉದ್ದವಾದರೆ ನಡುನಡುವೆ ಮ್ಯಾನೇಜರು ಏನಾದರೊಂದು ಹೇಳಬೇಕು. ಅಳಿಯ ಸ್ಪೀಕರಿಗೆ ಕೈ ಚಾಚುವುದರೊಳಗೆ ದಪ್ಪ ದನಿ ಹೊರಟಿತು: "ಸರಿ, ಇನ್ನೊಂದ್ಸಲ ನೋಡೋಣ."

"ಏನು ನೋಡೋದು!" ಅತ್ತೆ ಬಾಗಿಲಿಗೆ ಅಂಗೈಯಿಂದ ಬಡಿದರು. "ಬೇಸಿಗೆಯಿಂದ ನೋಡ್ತಾನೇ ಇದೀರಿ! ನಿಮಗೂ ಮನೆ ಇಲ್ವಾ, ಹೆಂಡ್ತಿ ಇಲ್ವಾ? ಒಂದು ರೇಡಿಯೋ ಹಾಕೋ ಹಾಗಿಲ್ಲ, ಒಂದು ಪಾತ್ರೆ ಕೆಳಗಿಡೋ ಹಾಗಿಲ್ಲ. ನನ್ನ ಮಗಳು ತನ್ನ ಮನೇಲಿ ಕಳ್ಳಿ ಹಾಗೆ ಓಡಾಡ್ತಾಳೆ. ನಾಚಿಕೆ ಆಗಲ್ವಾ?"

ಅಳಿಯ ಸ್ಪೀಕರಿನ ತಂತಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕಿತ್ತಾಗಿತ್ತು.

"ನೋಡಿ, ಬಾಯಿ ಬಿಟ್ಟೇ ಇಲ್ಲ. ಮಾತಾಡೋ ಧೈರ್ಯ ಇದ್ರೆ ತಾನೇ" ಎಂದು ಅತ್ತೆ ಗೆದ್ದವರಂತೆ ಹೇಳಿ, ಮಗಳಿಗೆ ಫೋನ್ ಮಾಡಲು ಹೋದರು. ಬೇಡ ಅತ್ತೆ, ಅವಳಿಗೆ ಬೇಡ ಎಂದು ಇವನು ಕೂಗಿದ್ದು ಅವರಿಗೆ ಕೇಳಿತೋ ಇಲ್ಲವೋ.

ದಾರಿ ಒಂದೇ ಇದೆ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೆಂಡತಿಯ ಫೋನು. ಅವಳು ಆ ಪುಟ ತೆರೆದು ಮ್ಯಾನೇಜರ ಮೇಲೆ ಬೆರಳಿಟ್ಟು ಹೊರಡಿಸಿದರೆ ಸಾಕು, ಮಿಕ್ಕವರು ಮರ್ಯಾದೆಯಿಂದ ಎದ್ದು ಹೋಗುತ್ತಾರೆ. ಆದರೆ ಪುಟ ತೆರೆದವಳಿಗೆ ಮ್ಯಾನೇಜರ ಜೊತೆಗೆ ಕೆಮ್ಮಪ್ಪನೂ ಕಾಣುತ್ತಾನೆ. ದನಿಗಳ ಪೆಟ್ಟಿಗೆಯೂ ಕಾಣುತ್ತದೆ, ನಾಳೆಯ ಮೀಟಿಂಗು, ನಾಡಿದ್ದಿನ ಮೀಟಿಂಗು, ಯಾವ ಮೀಟಿಂಗಿಗೆ ಎಷ್ಟು ಕೆಮ್ಮು ಎಂಬುದೂ ಕಾಣುತ್ತದೆ. ಕುರ್ಚಿಯಲ್ಲಿ ಕೂತ. ಬೂಟಿನೊಳಗೆ ಕಾಲು ಬೆವರುತ್ತಿತ್ತು. ಕೋಣೆ ಅವನ ಕೈಯಳತೆಯದು: ಎಡಕ್ಕೆ ಚಾಚಿದರೆ ಗೋಡೆ, ಬಲಕ್ಕೆ ಚಾಚಿದರೆ ಹಳೆಯ ಟ್ರಂಕು. ಇಷ್ಟು ದಿನ ಬಾಗಿಲು ಬೀಳುವುದನ್ನು ನೆಮ್ಮದಿ ಎಂದುಕೊಂಡಿದ್ದ.

ಹೆಂಡತಿ ಬಂದಳು. ಚಪ್ಪಲಿಯ ಸದ್ದು ನೇರ ಬಾಗಿಲವರೆಗೆ ಬಂತು, ಹೊಸ್ತಿಲಾಚೆ ಬಿಟ್ಟು ಬಂದಿರಲಿಲ್ಲ.

"ರೀ, ಏನಾಗಿದೆ? ಗಿರಾಕಿಗೆ ಕನ್ನಡಕ ಹಾಕಿ ನಿಲ್ಲಿಸಿ ಬಂದಿದೀನಿ. ಉಸಿರಾಟ ಗಿಸಿರಾಟ ಸರಿಯಾಗಿದೆಯಾ?"

"ಏನಿಲ್ಲ, ಮೀಟಿಂಗ್ ಮುಗೀತಾ ಇಲ್ಲ. ಮುಗಿದ್ರೆ ತಾನೇ ತೆಗೆದುಕೊಳ್ಳುತ್ತೆ. ನೀನು ಅಂಗಡಿಗೆ ಹೋಗು."

"ಮುಗೀತಾ ಇಲ್ಲ ಅಂದ್ರೆ? ಅವರಿಗೆ ಹೇಳಿ, ನನಗೆ ಹೊರಗೆ ಹೋಗ್ಬೇಕು ಅಂತ."

"ಹೇಳೋಕಾಗಲ್ಲ. ದೊಡ್ಡೋರಿದಾರೆ."

"ದೊಡ್ಡೋರಾದ್ರೆ ಅವರಿಗೆ ಬಚ್ಚಲಿಗೆ ಹೋಗೋದಿರಲ್ವಾ?" ಎಂದಳು. ಅತ್ತೆ ಹಿಂದಿನಿಂದ "ಹಾಗೆ ಹೇಳು" ಎಂದರು. ಹೆಂಡತಿ ಮುಂದುವರಿಸಿದಳು: "ಇರಿ, ನಿಮ್ಮ ಆಫೀಸಿನ ನಂಬರ್ ನನ್ನ ಹತ್ರ ಇದೆ. ಆ ರಿಸೆಪ್ಷನ್ ಹುಡುಗಿ ಒಳ್ಳೆಯವಳು, ಹೇಳಿದ್ರೆ ಮುಗಿಸಿಸ್ತಾಳೆ."

"ಬೇಡ."

"ಯಾಕೆ ಬೇಡ? ಆಗ್ಲೇ ಹಚ್ಚಿದೀನಿ."

ಬಾಗಿಲಿನ ಮೂಲಕವೇ ಅವನಿಗೆ ರಿಂಗು ಕೇಳಿಸಿತು. ಹಳೆಯ ಆಫೀಸಿನ ಮುಂಭಾಗ, ಆ ಗಾಜಿನ ಮೇಜು, ಅದರ ಹಿಂದಿನ ಹುಡುಗಿ ಕಣ್ಣಿಗೆ ಕಟ್ಟಿದರು. ಅವಳು 'ಯಾರು? ಅವರಾ? ಅವರು ಬಿಟ್ಟು ಹೋಗಿ ತಿಂಗಳುಗಳಾಯಿತಲ್ಲ ಮೇಡಂ' ಎಂದು ಅಷ್ಟೇ ಒಳ್ಳೆಯತನದಿಂದ ಹೇಳಿಬಿಡುತ್ತಾಳೆ.

"ಕಟ್ ಮಾಡು," ಎಂದ. "ನಾನು ಅಲ್ಲಿಲ್ಲ."

"ಅಲ್ಲಿಲ್ಲ ಅಂತ ನನಗೂ ಗೊತ್ತು, ಇಲ್ಲಿದೀರಲ್ಲ."

"ಆ ಕೆಲಸದಲ್ಲಿಲ್ಲ. ಬೇಸಿಗೆಯಲ್ಲೇ ಹೋಯ್ತು."

ಆಚೆ ಫೋನಿನಲ್ಲಿ ಒಂದು ಹೆಣ್ಣುದನಿ ಸಣ್ಣದಾಗಿ "ಹಲೋ, ಹೇಳಿ" ಎಂದಿತು. ಮತ್ತೆ "ಹಲೋ?" ಎಂದಿತು. ಆಮೇಲೆ ನಿಂತಿತು.

"ಮತ್ತೆ ಒಳಗೆ ಮಾತಾಡೋದು ಯಾರು?" ಎಂದು ಕೇಳಿದವರು ಅತ್ತೆ.

"ನಾನೇ."

"ಆ ದಪ್ಪ ದನಿ?"

"ಅದೂ ನಾನೇ ಅತ್ತೆ."

"ನಾನು ಈಗ ಬೈದೆನಲ್ಲ?"

ಅವನು ಹೇಳಬೇಕಾದ್ದನ್ನು ಬಾಗಿಲಿಗೆ ಹಣೆ ಒತ್ತಿಕೊಂಡು ಹೇಳಿದ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಾಯುತ್ತಿರುವುದನ್ನು ಹೇಳಿದ, ಹನ್ನೊಂದರ ಇಂಟರ್ವ್ಯೂ ಬಗ್ಗೆ ಹೇಳಿದ, ಹೆಂಡತಿಯ ಫೋನಿನಲ್ಲಿ ಏನು ತೆರೆಯಬೇಕು ಎಂದು ಹೇಳಿದ. ಪುಟ ತೆರೆದಳೆಂಬುದು ಅವಳು ಓದತೊಡಗಿದಾಗ ಗೊತ್ತಾಯಿತು.

"ಮ್ಯಾನೇಜರ್. ಕೆಮ್ಮಪ್ಪ." ಅಂಗಡಿಯಲ್ಲಿ ಫ್ರೇಮಿನ ನಂಬರ್ ಓದುವ ದನಿಯಲ್ಲೇ ಓದುತ್ತಿದ್ದಳು. "ಹಲೋ ಅಕ್ಕ. ಹೊಸಬ. ಗುರುವಾರ ತುರ್ತು ಮೀಟಿಂಗ್, ಕೆಮ್ಮು ಜಾಸ್ತಿ. ಗುರುವಾರ ಅಂದ್ರೆ ನಾಡಿದ್ದು. ನಾಡಿದ್ದು ತುರ್ತು ಬರುತ್ತೆ ಅಂತ ನಿನಗೆ ಈಗ್ಲೇ ಗೊತ್ತು."

ತಾಯಿಯ ಎದುರು ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಮ್ಯಾನೇಜರ್ ಮೇಲೆ ಒತ್ತು," ಎಂದ ಅವನು. "'ಹೊರಡಿಸು' ಅಂತ ಬರುತ್ತೆ. ಅಷ್ಟು ಮಾಡು, ಆಚೆ ಬಂದು ಎಲ್ಲ ಹೇಳ್ತೀನಿ. ಈಗ ಹೊರಟ್ರೂ ಸ್ವಲ್ಪ ತಡ ಅಷ್ಟೇ."

"ಆಚೆ ಬಂದ್ರೆ ನೀನು ಓಡ್ತೀಯ. ಇಲ್ಲೇ ಹೇಳು."

"ಕೆಲಸ ಸಿಕ್ಕ ಮೇಲೆ ಹೇಳೋಣ ಅಂತಿದ್ದೆ. ನಿನಗೆ ಯಾಕೆ ಆ ಚಿಂತೆ ಅಂತ..."

"ನನಗೆ ಚಿಂತೆ ಇರ್ಲಿಲ್ವಾ?" ಗೋಡೆಗೆ ಬೆನ್ನು ಜಾರಿಸಿ ಅವಳು ನೆಲಕ್ಕೆ ಕೂತಂತೆ ಸದ್ದಾಯಿತು. ದನಿ ಈಗ ಅವನ ಮೊಣಕಾಲಿನ ಮಟ್ಟದಿಂದ ಬರುತ್ತಿತ್ತು. ಅವನೂ ಕೆಳಗೆ ಕೂತ. "ಹೋದ ತಿಂಗಳು ಯಜಮಾನರು ನನ್ನ ಕರೆದು, ಬೇರೆ ಊರಲ್ಲಿ ಹೊಸ ಅಂಗಡಿ ತೆಗೀತಿದೀವಿ, ಅದನ್ನ ನೀವೇ ನೋಡ್ಕೊಳ್ಳಿ ಅಂದ್ರು. ಪೂರ್ತಿ ಅಂಗಡಿ. ಕಣ್ಣು ನೋಡೋ ಡಾಕ್ಟರು ಕೂಡ ನನ್ನ ಕೈಕೆಳಗೆ. ಓಡಿ ಬಂದೆ, ನಿನಗೆ ಹೇಳೋಣ ಅಂತ. ಕೆಂಪು ದೀಪ ಇತ್ತು."

ಅವನು ಬಾಗಿಲಿಗೆ ಇನ್ನಷ್ಟು ಸರಿದು ಕೂತ.

"ಇಲ್ಲೇ ನಿಂತಿದ್ದೆ. ಒಳಗೆ ಆ ಮನುಷ್ಯ ನಿನ್ನ ಬೈತಿದ್ದ. ಕೇಳಿ ಕೇಳಿ ನನಗೇ ಸಾಕಾಯ್ತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡಿರೋ ಕೆಲಸ ಬಿಟ್ಟು ನನ್ನ ಹಿಂದೆ ಬಾ ಅಂತ ಯಾವ ಬಾಯಲ್ಲಿ ಹೇಳ್ಲಿ? ವಾಪಸ್ ಹೋಗಿ, ಆಗಲ್ಲ ಸರ್, ನಮ್ಮ ಮನೆಯವರ ಆಫೀಸು ಇಲ್ಲಿದೆ ಅಂದೆ."

"ಹೇಳಿದ್ರೆ ನಾನು..."

"ಹೇಳಿದ್ರೆ ನೀನು ಏನು? ಮಧ್ಯಾಹ್ನ ಇದೆ ಅಂತಿದ್ದೆ."

ಅತ್ತೆ ಎಲ್ಲೋ ದೂರದಲ್ಲಿ ಮೂಗು ಸೀಟಿದರು. ಅಷ್ಟು ಸದ್ದಾಗಿ ಅವರು ಮೂಗು ಸೀಟಿ ಬಹಳ ಕಾಲವಾಗಿತ್ತು.

ಗಡಿಯಾರ ಅಳಿಯನ ತಲೆಯ ಮೇಲೇ ಇತ್ತು. ನೋಡದೆಯೂ ಅವನಿಗೆ ಗೊತ್ತಿತ್ತು. ಸೇತುವೆಯ ಮೇಲೆ ಈ ಹೊತ್ತಿನಲ್ಲಿ ವಾಹನ ಹೆಚ್ಚು. "ಬಾಗಿಲು ತೆಗಿ," ಎಂದ. "ಈ ಕೆಲಸ ಸಿಕ್ಕಿದ್ರೆ ಎಲ್ಲ ಸರಿಹೋಗುತ್ತೆ."

"ಎಲ್ಲಿ ಆ ಕೆಲಸ?"

"ಇಲ್ಲೇ, ಸೇತುವೆ ಆಚೆ."

"ಸರಿಹೋಗೋದು ಯಾರಿಗೆ?"

ಅವನು ಬಾಗಿಲಿನ ಹಲಗೆಯನ್ನೇ ನೋಡಿದ. ಕೆಲಸ ಸಿಕ್ಕರೆ ದೀಪಕ್ಕೆ ನಿಜವಾದ ಮೀಟಿಂಗುಗಳು ಬರುತ್ತವೆ. ಅವಳು ಆಚೆಯೇ ಇರುತ್ತಾಳೆ. ಬದಲಾಗುವುದು ಒಳಗಿನವರ ಪಟ್ಟಿ ಮಾತ್ರ. ಇಷ್ಟು ಸಣ್ಣ ವಿಷಯ ಇಷ್ಟು ದಿನ ತಲೆಗೆ ಹೋಗದೆ ಇದ್ದದ್ದು ಹೇಗೆ ಎಂದು ಬೆರಗಾಯಿತು.

"ಫೋನ್ ಮಾಡು ಅವರಿಗೆ," ಎಂದಳು. "ಜೋರಾಗಿ ಮಾತಾಡು. ನಿನ್ನ ದನಿಯಲ್ಲೇ ಮಾತಾಡು."

"ಏನಂತ?"

"ಅದನ್ನೂ ನಾನೇ ಬರೆದುಕೊಡ್ಬೇಕಾ?"

ಅವನು ನೆಲದ ಮೇಲೆ ಕೂತೇ ಫೋನ್ ಮಾಡಿದ. ಎತ್ತಿದ ಹೆಂಗಸು, "ಎಲ್ಲಿದೀರಿ? ಕಾಯ್ತಾ ಇದೀವಿ" ಎಂದಳು. ಆ ಮಾತಿಗೆ ಅವನು ತಲೆ ಎತ್ತಿ ಪರದೆಯತ್ತ ನೋಡಿದ.

"ಮನೇಲಿದೀನಿ. ನಾನೇ ಮಾಡಿದ ಬೀಗದೊಳಗೆ ಸಿಕ್ಕಿಹಾಕ್ಕೊಂಡಿದೀನಿ."

ಆ ಹೆಂಗಸು ನಕ್ಕಳು. ಅದು ಒಳ್ಳೆಯ ನಗುವೇ ಆಗಿತ್ತು. "ಪರವಾಗಿಲ್ಲ, ಬಿಡಿಸಿಕೊಂಡು ಬನ್ನಿ. ಅದರ ಬಗ್ಗೆಯೇ ಮಾತಾಡೋಣ."

ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಬಾಗಿಲಾಚೆ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು.

"ಇನ್ನೊಂದು ಮಾತಿದೆ," ಎಂದ. "ನಾನು ಈ ಊರಲ್ಲಿ ಇರ್ತೀನೋ ಇಲ್ವೋ ಗೊತ್ತಿಲ್ಲ. ನನ್ನ ಹೆಂಡತಿಗೆ ಬೇರೆ ಊರಲ್ಲಿ ಒಂದು ಕೆಲಸ ಬಂದಿತ್ತು. ಅದು ಇನ್ನೂ ಇದ್ರೆ ನಾವು ಹೋಗ್ಬಹುದು. ಬಂದು, ನಿಮ್ಮ ಹೊತ್ತು ತಗೊಂಡು, ಆಮೇಲೆ ಇದನ್ನ ಹೇಳೋದು ಸರಿಯಲ್ಲ."

ಆ ಕಡೆಯ ದನಿಯಲ್ಲಿದ್ದ ನಗು ಎಲ್ಲಿಗೋ ಹೋಗಿತ್ತು. "ಹಾಗಿದ್ರೆ ಅದು ತೀರ್ಮಾನ ಆದ್ಮೇಲೆ ತಿಳಿಸಿ. ಅಷ್ಟರಲ್ಲಿ ಬೇರೆಯವರು ಸಿಕ್ಕಿದ್ರೆ ನಮ್ಮನ್ನ ಬೈಕೋಬೇಡಿ. ಇಡ್ಲಾ?"

"ಇಡಿ."

ಫೋನನ್ನು ಬೂಟಿನ ಪಕ್ಕ ಇಟ್ಟ. ತಾನು ಏನು ಬಿಟ್ಟುಕೊಟ್ಟೆ, ಏಕೆ ಬಿಟ್ಟುಕೊಟ್ಟೆ ಎಂದು ಅವನಿಗೆ ನಿಚ್ಚಳವಾಗಿ ಗೊತ್ತಿತ್ತು. ಆದರೂ ಎದೆ ಹಗುರಾಗಲಿಲ್ಲ. ಆಚೆಯಿಂದ ಯಾರೂ ಶಹಬ್ಬಾಸ್ ಎನ್ನಲಿಲ್ಲ. ಬೇರೆ ಏನೋ ಗೊಣಗಾಟ ಕೇಳಿಸಿತು, ಆಮೇಲೆ ಅತ್ತೆಯ ದನಿ: "ಒತ್ತೇ, ಪಾಪ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ."

ಮೇಜಿನ ಮೇಲಿನ ಪರದೆಯಲ್ಲಿ ಮ್ಯಾನೇಜರರ ಸಾಲು ಮಾಸಿತು. ಹೊರಟರು. ಅವರು ಹೋದದ್ದನ್ನು ಖಚಿತ ಮಾಡಿಕೊಂಡವಳಂತೆ ಹಲೋ ಅಕ್ಕ ಹೊರಟಳು. ಹೊಸಬ ಹೊರಟ. ಕೆಮ್ಮಪ್ಪ ಸ್ವಲ್ಪ ತಡ ಮಾಡಿದ; ವಯಸ್ಸಾದವನಲ್ಲವೇ ಎಂದು ಅಳಿಯನೇ ಹಾಗೆ ಬರೆದಿದ್ದ. ಅಗುಳಿ ಸರಿಯಿತು.

ಬಾಗಿಲು ಎಳೆದ. ಎದುರಿಗೆ, ಅಡುಗೆಮನೆಗೆ ಹೋಗುವ ಸಣ್ಣ ದಾರಿಯಲ್ಲಿ, ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಚಪ್ಪಲಿ ಕಾಲಲ್ಲೇ ಇತ್ತು. ಫೋನು ಕಿವಿಯಲ್ಲಿತ್ತು.

"ಹೂಂ ಸರ್, ಬರ್ತೀನಿ, ಆ ಗಿರಾಕಿಗೆ ಕೂರೋಕೆ ಹೇಳಿ... ಅದಲ್ಲ ಸರ್, ಒಂದು ಮಾತು ಕೇಳೋದಿತ್ತು. ಆ ಹೊಸ ಅಂಗಡಿ ವಿಷಯ."

ಅವನು ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. ಅವಳು ತಲೆ ಎತ್ತದೆಯೇ ಅಂಗೈ ಎತ್ತಿ ತಡೆದಳು. ಅತ್ತೆ ಅವನ ಪಕ್ಕದಿಂದ ನುಸುಳಿ ಕೋಣೆಯೊಳಗೆ ಹೋದರು. ಮೇಜಿನ ಕೆಳಗೆ ಬಗ್ಗಿ ನೋಡಿದರು, ಟ್ರಂಕಿನ ಹಿಂದೆ ನೋಡಿದರು, "ಇಷ್ಟೇನಾ?" ಎಂದು ತಮಗೇ ಹೇಳಿಕೊಂಡರು.

"ಬೇರೆಯವರಿಗೆ ಕೊಟ್ಟುಬಿಟ್ರಾ ಸರ್, ಇಲ್ಲ ಕೊಡೋದ್ರಲ್ಲಿದೀರಾ?" ಎಂದಳು ಹೆಂಡತಿ.

ಆ ಕಡೆಯವರು ಏನನ್ನೋ ಉದ್ದಕ್ಕೆ ಹೇಳತೊಡಗಿದರು. ಅವಳು ಹೂಂ ಎಂದಳು, ಸ್ವಲ್ಪ ಬಿಟ್ಟು ಮತ್ತೆ ಹೂಂ ಎಂದಳು. ಅದು ಯಾವ ಹೂಂ ಎಂದು ಅವನಿಗೆ ತಿಳಿಯಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡೇ ನಿಂತಿದ್ದ. ಅಂಗೈ ಇನ್ನೂ ಇಳಿದಿರಲಿಲ್ಲ.